ಮಾರಾಕೋ, ಓಡಸಾಕೋ

ಹಳೆಯ ಪಿಕಪ್ ಕೊಳ್ಳಲು ಬಂದವನು ಮೊದಲು ಗಾಡಿಯ ಮುಖ ನೋಡುತ್ತಾನೆ. ಆಮೇಲೆ ಬಾಗಿಲು ತೆಗೆದು ಮುಚ್ಚಿ ಸಪ್ಪಳ ಕೇಳುತ್ತಾನೆ, ಟೈರಿಗೆ ಒಂದು ಒದೆ ಕೊಡುತ್ತಾನೆ, ಎಂಜಿನ್ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾನೆ. ಬಗ್ಗಿ ಗಾಡಿಯ ತಳ ನೋಡುವವನು ನೂರಕ್ಕೊಬ್ಬ. ನಾನು ಜಮಖಂಡಿಯಲ್ಲಿ ಹಳೆಯ ಗಾಡಿಗಳ ಏಜೆಂಟ್. ಉಳಿದ ತೊಂಬತ್ತೊಂಬತ್ತು ಮಂದಿಯಿಂದಲೇ ನನ್ನ ಮನೆ ನಡೆದಿದೆ ಎಂದರೆ ಸುಳ್ಳಲ್ಲ.

ಆ ನೂರಕ್ಕೊಬ್ಬನನ್ನು ತಯಾರು ಮಾಡುತ್ತಿದ್ದವರು ಕಾಕಾ. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಾಗಿರಲಿಲ್ಲ. ಮುಧೋಳ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಗಾಡಿಗಳ ಬಾಡಿ ಕೆಲಸ ಮಾಡುತ್ತಿದ್ದ ಮಿಸ್ತ್ರಿ ಅವರು. ಊರೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಎಂದೆ. ಹೋದ ತಿಂಗಳು ತೀರಿಕೊಂಡರು. ಅಂದಿನಿಂದ ಯಾವ ಗಾಡಿ ಮುಟ್ಟಿದರೂ ಅವರ ಮಾತೇ ಕಿವಿಯಲ್ಲಿ ಕೂತಿರುವುದರಿಂದ ಬರೆದು ಹಗುರಾಗೋಣ ಎಂದು ಕೂತಿದ್ದೇನೆ.

ಗಾಡಿ ಶೆಡ್ಡಿನ ಮುಂದೆ ನಿಂತರೆ ಅವರು ನಮಸ್ಕಾರ ಅನ್ನುತ್ತಿರಲಿಲ್ಲ, ಕುಳಿತುಕೋ ಅನ್ನುತ್ತಿರಲಿಲ್ಲ. "ಮಾರಾಕೋ, ಓಡಸಾಕೋ?" ಎಂದು ಕೇಳುತ್ತಿದ್ದರು. ಮಾರುವ ಗಾಡಿಗೆ ಒಂದು ದರ, ಓಡಿಸುವ ಗಾಡಿಗೆ ಇನ್ನೊಂದು. ಬಾಗಿಲಿನ ಕೆಳಗಿನ ಅಂಚು ತುಕ್ಕು ತಿಂದಿದ್ದರೆ, "ಕಾಣೂ ಹಂಗ ಮಾಡಿದ್ರ ಎರಡು ಸಾವಿರ, ಇರೂ ಹಂಗ ಮಾಡಿದ್ರ ಐದು" ಎನ್ನುತ್ತಿದ್ದರು. ಎರಡು ಸಾವಿರಕ್ಕೆ ತುಕ್ಕು ಉಜ್ಜಿ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಿದ್ದರು. ಐದು ಸಾವಿರಕ್ಕೆ ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ಪತ್ರಾ, ಅಂದರೆ ತಗಡು, ಬೆಸೆಯುತ್ತಿದ್ದರು. ನಾನು ಕೊಡುತ್ತಿದ್ದದ್ದು ಯಾವಾಗಲೂ ಎರಡು ಸಾವಿರ.

ಅವರೇನೂ ಸತ್ಯಹರಿಶ್ಚಂದ್ರರಾಗಿರಲಿಲ್ಲ. ಬಂಪರು, ಬಾಗಿಲು, ಮುಂದಿನ ಮೂತಿ ಇವಕ್ಕೆಲ್ಲ ನಾನು ಹೇಳಿದಷ್ಟು ಪುಟ್ಟಿ ಮೆತ್ತಿ ಕೊಟ್ಟಿದ್ದಾರೆ. "ಬಾಗಲಾ ಕೊಳತು ಬಿದ್ರ ಬಾಗಲಾ ಬೀಳತೈತಿ, ಮನಶ್ಯಾ ಬೀಳೂದಿಲ್ಲ" ಎನ್ನುವುದು ಅವರ ಸಮಜಾಯಿಷಿ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಸೋಮವಾರ ಅನ್ನುತ್ತಿದ್ದರು. ಯಾವ ಸೋಮವಾರ ಎಂದು ದೇವರಿಗೂ ಗೊತ್ತಿರುತ್ತಿರಲಿಲ್ಲ. ಚಹಾ ತರಿಸಿದರೆ ಒಂದನ್ನು ಇಬ್ಬರಿಗೆ ಮಾಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ತೇರದಾಳದ ವ್ಯಾಪಾರಿಯೊಬ್ಬರು ಬಣ್ಣದ ಹೊಳಪು ಸಾಲದು ಎಂದಿದ್ದಕ್ಕೆ, "ಹೊಳಪು ಬೇಕಂದ್ರ ತಾಟು ತಗೋರಿ, ಗಾಡಿ ಯಾಕ" ಎಂದು ಕೀಲಿಕೈ ಅವರ ಕೈಗಿಟ್ಟು ಒಳಗೆ ಹೋಗಿಬಿಟ್ಟಿದ್ದರು.

ಆದರೆ ಕೈ ಮಾತ್ರ ಹುಸಿ ಹೋದದ್ದಿಲ್ಲ. ಅವರದು ರಬಕವಿಯ ನೇಕಾರರ ಮನೆ. ಸೀರೆಯನ್ನು ಬೆರಳಲ್ಲಿ ಹಿಡಿದು ಎಳೆ ತಪ್ಪಿದ್ದನ್ನು ಹೇಳುವ ತಂದೆಯ ಎದುರಿಗೆ ಬೆಳೆದವರು. ಗಾಡಿ ಕೊಳ್ಳಲು ಬಂದವರಿಗೆ ಅವರು ಕಣ್ಣು ಮುಚ್ಚಿಸುತ್ತಿದ್ದರು. "ಕೈ ತಿರುವಿ ಹಿಂದಿನ ಮಗ್ಗಲದಿಂದ ಸವರು. ಕಣ್ಣು ಬಣ್ಣಾ ನೋಡತೈತಿ, ಕೈ ಪತ್ರಾ ನೋಡತೈತಿ." ಪುಟ್ಟಿ ಇದ್ದಲ್ಲಿ ಕೈಗೆ ತಂಪು ಹತ್ತುವುದಿಲ್ಲ ಎಂದು ಅವರೇ ತೋರಿಸಿಕೊಟ್ಟದ್ದು. ಆಮೇಲೆ ಒಂದು ಗೋಣಿಚೀಲ ತಂದು ಗಾಡಿಯ ಕೆಳಗೆ ಹಾಸುತ್ತಿದ್ದರು. ಕೊಳ್ಳುವವನು ಅಂಗಾತ ಮಲಗಿ ತಳ ನೋಡಲೇಬೇಕು. ನಮ್ಮ ಕಡೆ ಗಾಡಿ ಬಂದ ದಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿ ಮುಂದಿನ ಗಾಲಿಗೆ ಕಾಯಿ ಒಡೆಯುವುದು ರೂಢಿ. ಕಾಕಾ ಹಿಂದಿನ ಗಾಲಿಯ ಹತ್ತಿರ ಒಡೆಸುತ್ತಿದ್ದರು, ಅದೂ ತಳ ನೋಡಿ ಎದ್ದು ಬಂದವನ ಕೈಯಿಂದ. "ಮಾರಿಗೆ ಪೂಜಾ ಎಲ್ಲಾರೂ ಮಾಡ್ತಾರ" ಎನ್ನುತ್ತಿದ್ದರು. ಮಾರಿ ಎಂದರೆ ನಮ್ಮ ಕಡೆ ಮುಖ.

ಇನ್ನೊಂದು ಪದ್ಧತಿ ಇತ್ತು. ತಾವು ಬೆಸುಗೆ ಹಾಕಿದ ಕಡೆ ಅಂಗೈಯಗಲ ಜಾಗವನ್ನು ಬಣ್ಣ ಹೊಡೆಯದೆ ಕೆಂಪು ಪ್ರೈಮರಿನಲ್ಲೇ ಬಿಡುತ್ತಿದ್ದರು. ಬಾಗಿಲಿನ ಒಳಮೈ, ತಳದ ಮೂಲೆ, ಹೀಗೆ ಹೊರಗೆ ಕಾಣದ ಜಾಗದಲ್ಲಿ. ಮುಂದೊಂದು ದಿನ ಆ ಗಾಡಿ ಬಿಚ್ಚುವ ಮಿಸ್ತ್ರಿಗೆ ಇಲ್ಲಿ ಯಾರೋ ಕೈ ಹಾಕಿದ್ದಾರೆಂದು ತಿಳಿಯಬೇಕಂತೆ. ನನಗೆ ಅದು ತಲೆನೋವು. ಎಷ್ಟೋ ಸಲ ಅವರು ಬಿಟ್ಟ ಕೆಂಪು ಗುರುತಿನ ಮೇಲೆ ನಾನೇ ಡಬ್ಬಿ ಹಿಡಿದು ಬಣ್ಣ ಹೊಡೆದಿದ್ದೇನೆ. ಮೊದಲ ಒಂಬತ್ತು ವರ್ಷ ಅವರ ಶೆಡ್ಡಿಗೆ ಎಡತಾಕಿದವನು ನಾನು. ಅಷ್ಟು ವರ್ಷ ಆ ಗೋಣಿಚೀಲದ ಮೇಲೆ ಒಂದು ದಿನವೂ ಮಲಗಿರಲಿಲ್ಲ. ನಾನು ಬಿಳಿ ಅಂಗಿಯ ಮನುಷ್ಯ.

ಹೀಗಿರುವಾಗ ಒಂದು ಚಳಿಗಾಲ ಮುಧೋಳ ಕಡೆಯ ಪಿಕಪ್ ಒಂದು ನನ್ನ ಕೈಗೆ ಬಂತು. ಏಳು ವರ್ಷ ಗಾಣಗಳಿಂದ ಬೆಲ್ಲ ಸಾಗಿಸಿದ ಗಾಡಿ. ಬೆಲ್ಲ ಒಯ್ಯುವವರು ಬೆಲ್ಲದ ಪೆಂಟೆಗೆ ಮಣ್ಣು ಹತ್ತಬಾರದೆಂದು ಬಾಡಿಯಲ್ಲಿ ಗೋಣಿತಟ್ಟು ಹಾಸುತ್ತಾರೆ. ಬೆಲ್ಲದ ಪಾಕ ಸೋರಿ ತಟ್ಟು ಒದ್ದೆಯಾಗುತ್ತದೆ, ಆ ಒದ್ದೆ ತಟ್ಟನ್ನು ಯಾರೂ ಎತ್ತುವುದಿಲ್ಲ, ಅದರ ಮೇಲೆಯೇ ಇನ್ನೊಂದು ಹಾಸುತ್ತಾರೆ. ಬೆಲ್ಲವಿಲ್ಲದ ದಿನ ಗೊಬ್ಬರದ ಚೀಲ ಹೇರುತ್ತಾರೆ. ಪತ್ರಾ ಉಳಿಯುವುದೆಲ್ಲಿಂದ? ಮೇಲಿಂದ ಆ ಬಿಳಿ ಗಾಡಿ ಮದುಮಗನ ಹಾಗಿತ್ತು.

ಕಾಕಾನ ಹತ್ತಿರ ಒಯ್ದೆ. "ಮಾರಾಕೋ, ಓಡಸಾಕೋ?"

"ಮಾರಾಕ, ಕಾಕಾ."

ಅವರು ಚೀಲ ಹಾಸಿಕೊಂಡು ಕೆಳಗೆ ಹೋದರು. ಸುತ್ತಿಗೆಯ ಸಪ್ಪಳ ನಾಲ್ಕೈದು ಸಲ ಬಂತು. ಎದ್ದು ಬಂದು ಕೈ ಒರೆಸಿಕೊಂಡು, "ಬಾಡಿ ಹಿಂದಿನ ಫಾಟಕ ಮೊದಲೊಮ್ಮಿ ನಾನ ರಿಪೇರಿ ಮಾಡೀನಿ, ಅದು ಛಲೋ ಐತಿ. ಮಾರಿಗೆ ಏನ್ ಬೇಕಾದ್ದು ಹಚ್ಚು ಅಂದ್ರ ಹಚ್ಚತೇನಿ. ತಳಾ ಮುಟ್ಟೂದಿಲ್ಲ" ಎಂದರು. "ಬಾಡಿ ಹೊತ್ತ ಅಡ್ಡಪಟ್ಟಿ ನಾಕೂ ಹೋಗ್ಯಾವ. ಎಲ್ಲಾ ತಗದು ಹೊಸಾ ತಳಾ ಹಾಕಬೇಕು. ನಲವತ್ತು ಸಾವಿರ."

"ಅಷ್ಟು ಹಾಕಿದ್ರ ನನಗೇನ್ ಉಳೀತು ಕಾಕಾ?"

"ಅದು ನಿನ್ನ ಲೆಕ್ಕ. ನಾ ಹೇಳಿದ್ದು ಪತ್ರಾದ ಲೆಕ್ಕ."

ಪಿಕಪ್ಪಿನ ಹಿಂದಿನ ಬಾಡಿ ಚಾಸಿಯ ಮೇಲೆ ಕೂತಿರುವುದೇ ಆ ಅಡ್ಡಪಟ್ಟಿಗಳ ಆಧಾರದಿಂದ. ಅವು ಕೊಳೆತರೆ ಇಳಿಜಾರಿನ ತಿರುವಿನಲ್ಲಿ ಬಾಡಿಯೇ ಒಂದು ಮಗ್ಗಲಿಗೆ ಕುಸಿಯುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೇ ಗಾಡಿಯನ್ನು ಇನ್ನೊಂದು ಕಡೆ ಒಯ್ದೆ. ಕೊಳೆತ ತಳದ ಮೇಲೆ ಉಬ್ಬುಗೆರೆಯ ದಪ್ಪ ಹೊಸ ಪತ್ರಾ ಹಾಸಿ, ಅಂಚಿಗೆ ಬೆಸೆಸಿ, ಅದಕ್ಕೆ ಮಾತ್ರ ನೀಲಿ ಬಣ್ಣ ಹೊಡೆಸಿದೆ. ಹನ್ನೆರಡು ಸಾವಿರದಲ್ಲಿ ಮುಗಿಯಿತು. ನಮ್ಮ ಮಂದಿ ಹಳೆಯ ಪಿಕಪ್ಪಿನಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಇದೇ, ಪತ್ರಾ ಮೇಲೆ ಪತ್ರಾ. ನೋಡಿದವರು ಡಬಲ್ ತಳ ಎಂದು ಹೆಚ್ಚು ಖುಷಿಪಡುತ್ತಾರೆ.

ಸಾವಳಗಿಯ ರೈತರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದು ನೋಡಿದರು. ಎಲ್ಲರೂ ಅವರನ್ನು ಗೌಡರು ಎನ್ನುತ್ತಿದ್ದರು. ಆ ಹೆಣ್ಣುಮಗಳು ಬಾಡಿಯ ಪತ್ರಾದ ಮೇಲೆ ಅಂಗೈಯಿಂದ ಬಡಿದು, "ತಳಾ ಗಟ್ಟಿ ಐತಿ ನೋಡ್ರಿ" ಎಂದು ಗಂಡನಿಗೆ ಹೇಳಿದಳು. ನಾನು ಹೂಂಗುಟ್ಟಿದೆ. ವ್ಯವಹಾರ ಮುಗಿದ ಮೇಲೆ ಗೌಡರು, "ಬರೂ ಎಳ್ಳ ಅಮಾಸಿಗೆ ಚರಗಾ ಚೆಲ್ಲಾಕ ಹೊಲಕ್ಕ ಬರ್ರಿ. ಇದರಾಗನ ಎಲ್ಲಾರೂ ಹೊಂಟೇವಿ" ಎಂದು ಕರೆದರು. ಎಳ್ಳ ಅಮಾವಾಸ್ಯೆಗೆ ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ಎಡೆ ಚೆಲ್ಲಿ ಅಲ್ಲೇ ಉಣ್ಣುವುದೇ ಚರಗ. ಇದರಾಗನ ಎಲ್ಲಾರೂ ಎಂಬ ಮಾತು ನನ್ನ ಕಿವಿಗೆ ಸರಿಯಾಗಿಯೇ ಬಿತ್ತು. ಬರ್ತೇನ್ರಿ ಎಂದೆ. ಇಂದಿಗೂ ಅದನ್ನು ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಾಕಾ ನಮ್ಮ ಮನೆಯ ಮುಂದೆ ಮೋಟಾರ್ ಸೈಕಲ್ ನಿಲ್ಲಿಸಿದರು. ಹೆಗಲಲ್ಲಿ ಸುತ್ತಿಗೆಯ ಚೀಲ, ಹಿಂದೆ ಕಟ್ಟಿದ ಗೋಣಿಚೀಲ.

"ಅಂಗಿ ಹಾಕ್ಕೋ. ಸಾವಳಗಿಗೆ ಹೋಗೂದೈತಿ."

ಏನಾಯಿತೆಂದು ಕೇಳುವ ಧೈರ್ಯ ಬರಲಿಲ್ಲ. ಅವರೇ ಹೇಳಿದರು. ಮುಂಜಾನೆ ಅವರು ಸ್ನಾನಕ್ಕೆ ಹೋದಾಗ ಶೆಡ್ಡಿಗೆ ಒಂದು ಪಿಕಪ್ ಬಂದಿತ್ತು. ವಯಸ್ಸಾದ ತಾಯಿಗೆ ಹತ್ತಲು ಹಿಂದೆ ಒಂದು ಪಾವಟಿಗೆ ಬೆಸೆದು ಕೊಡಬೇಕೆಂದು ಕೇಳಲು ಬಂದವರು, ಇವತ್ತು ಮನೆ ಮಂದಿಯೆಲ್ಲ ಸಾವಳಗಿಯ ಹೊಲಕ್ಕೆ ಚರಗಕ್ಕೆ ಹೊರಟಿದ್ದೇವೆ, ನಾಳೆ ಬರುತ್ತೇವೆ ಎಂದು ಕಾಕಾನ ಹೆಂಡತಿಗೆ ಹೇಳಿ ಹೋಗಿದ್ದರು. ಕಾಕಾ ಹೊರಗೆ ಬರುವಷ್ಟರಲ್ಲಿ ಗಾಡಿ ರಸ್ತೆಗೆ ಇಳಿದಿತ್ತು. ತೆರೆದು ಜೋತಿದ್ದ ಹಿಂದಿನ ಫಾಟಕದ ಒಳಮೈಯ ಕೆಂಪು ಗುರುತು ಮಾತ್ರ ಅವರಿಗೆ ಕಂಡಿತು. ಅದೊಂದಕ್ಕೆ ಬಣ್ಣ ಹೊಡೆಯಲು ನಾನು ಮರೆತಿದ್ದೆ.

"ತಳಾ ಹಾಕ್ಸಿದೇನು?" ಎಂದು ಕೇಳಿದರು.

"ಮ್ಯಾಲ ಒಂದು ಪತ್ರಾ..."

"ಹೊಸಾ ಪತ್ರಾದ ಭಾರ ಬ್ಯಾರೆ ಹೇರಿಸಿದಿ. ಗಾಡಿ ಹೊಡಿ, ನಾ ಹಿಂದ ಕೂಡತೇನಿ."

ಗೌಡರಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಹಬ್ಬದ ಗದ್ದಲದಲ್ಲಿ ಯಾರಿಗೆ ಕೇಳಿಸೀತು?

ಆ ದಿನದ ರಸ್ತೆ ನಮ್ಮ ಕಡೆಯವರಿಗೆ ಗೊತ್ತು. ಹೊಸ ಸೀರೆ ಉಟ್ಟವರು, ಬುತ್ತಿಯ ಬುಟ್ಟಿ ಹಿಡಿದವರು, ಮಕ್ಕಳು, ಮುದುಕರು, ಎಲ್ಲರೂ ಟ್ರ್ಯಾಕ್ಟರಿನಲ್ಲಿ, ಪಿಕಪ್ಪಿನಲ್ಲಿ ತುಂಬಿಕೊಂಡು ಹೊಲಕ್ಕೆ ಹೊರಟಿರುತ್ತಾರೆ. ಸಾಮಾನಿನ ಗಾಡಿಯಲ್ಲಿ ಮಂದಿ ಕೂರಬಾರದೆಂದು ಎಲ್ಲರಿಗೂ ತಿಳಿದಿದೆ, ಆದರೂ ಕೂರುತ್ತಾರೆ. ಬಿಳಿ ಪಿಕಪ್ ಕಂಡಾಗಲೆಲ್ಲ ವೇಗ ಹೆಚ್ಚಿಸುತ್ತಿದ್ದೆ. ಹತ್ತಿರ ಹೋಗಿ ಬೇರೆಯದೆಂದು ತಿಳಿದಾಗ ಸಮಾಧಾನವೂ ಆಗುತ್ತಿರಲಿಲ್ಲ. ಬೈಯುವ ಮನುಷ್ಯ ಬೆನ್ನ ಹಿಂದೆ ಬಾಯಿ ಮುಚ್ಚಿ ಕೂತರೆ ಎಷ್ಟು ಭಾರವೆಂದು ನನಗೆ ಅವತ್ತು ಗೊತ್ತಾಯಿತು.

ಸಾವಳಗಿ ಇನ್ನೂ ಮೂರು ನಾಲ್ಕು ಮೈಲಿ ಇರುವಾಗ ಹಳ್ಳದ ಕಿರುಸೇತುವೆಯ ಹತ್ತಿರ ಮಂದಿ ಗುಂಪುಗೂಡಿದ್ದರು. ಹೆಂಗಸರು ರಸ್ತೆಯ ಬದಿಗೆ ಕೂತಿದ್ದರು, ಒಬ್ಬಳು ತಲೆ ಹಿಡಿದುಕೊಂಡಿದ್ದಳು. ಗಾಡಿ ನಿಲ್ಲಿಸಿದೆ, ಇಳಿಯಲಿಲ್ಲ. ಕಾಕಾ ಇಳಿದು ಹೋಗಿ ನೋಡಿಕೊಂಡು ಬಂದರು.

"ಟ್ರ್ಯಾಕ್ಟರ್ ಪಂಕ್ಚರ್. ಆಕಿಗೆ ಬಿಸಲ ಹತ್ತೇತಿ. ನಡಿ."

ಊರಲ್ಲಿ ಗೌಡರ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯವರು ಹೊಲದ ದಾರಿ ತೋರಿಸಿದರು. ಹಳ್ಳಕ್ಕೆ ಇಳಿದು ಏರುವ ದಾರಿ ಅದು. ಕಾಕಾ ಇಳಿಜಾರನ್ನು ನೋಡಿದರು, ನನ್ನನ್ನು ನೋಡಿದರು. ಅಡ್ಡಪಟ್ಟಿ ಕೊಳೆತ ಗಾಡಿಗೆ ಇದಕ್ಕಿಂತ ಕೆಟ್ಟ ದಾರಿ ಹುಡುಕಿದರೂ ಸಿಗುತ್ತಿರಲಿಲ್ಲ.

ಏರಿ ಹೋದಾಗ ಜೋಳದ ಹೊಲದ ಬದುವಿನಲ್ಲಿ ಬನ್ನಿ ಗಿಡದ ನೆರಳಿಗೆ ಆ ಪಿಕಪ್ ನಿಂತಿತ್ತು. ಗಾಡಿ ಬಂದು ಮುಟ್ಟಿತ್ತು. ಆಗಲೇ ಚರಗ ಚೆಲ್ಲಿ ಮುಗಿದು ಎಲೆ ಹಾಕುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ. ಗೌಡರು ನನ್ನನ್ನು ಕಂಡು ಎದ್ದು ಬಂದರು.

"ಬಂದ್ರಿ ನೋಡ್ರಿ. ಬರ್ತೇನಿ ಅಂದವರು ಖರೇನ ಬಂದ್ರು. ಕೈ ತೊಳ್ಕೋರಿ."

ನಾನು ಕಾಕಾನ ಕಡೆ ನೋಡಿದೆ. ಈ ಮನುಷ್ಯ ಹೇಳಿಬಿಡಲಿ, ನಾನು ತಲೆ ತಗ್ಗಿಸಿ ನಿಂತರಾಯಿತು ಎಂಬ ಆಸೆ ನನಗೆ. ಅವರು ಗೌಡರಿಗೆ ಕೈ ಮುಗಿದು, "ಗೌಡ್ರ, ಈ ಗಾಡ್ಯಾಗ ಮಂದಿ ತಿರುಗಿ ಊರಿಗೆ ಹೋಗೂದಿಲ್ಲ. ಯಾಕ ಅಂತ ಇಂವ ಹೇಳ್ತಾನ" ಎಂದರು.

ಇಪ್ಪತ್ತು ಜನ ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದು ಸುಳ್ಳೇ. "ಏನಿಲ್ರಿ, ಒಂದು ಬೋಲ್ಟ್ ಸಡಲ ಆಗಿರಬೇಕು ಅಂತ ಸಂಶೆ ಬಂತು, ಅದಕ್ಕ..." ಎಂದೆ.

ಕಾಕಾ ನನ್ನ ಸುಳ್ಳನ್ನು ತಿದ್ದಲಿಲ್ಲ. ಗೋಣಿಚೀಲ ಬಿಚ್ಚಿ ಪಿಕಪ್ಪಿನ ಕೆಳಗೆ ಹಾಸಿದರು. "ಹಂಗಂದ್ರ ಬಾ. ಬೋಲ್ಟ್ ಯಾವದು ತೋರಸು."

ಒಂಬತ್ತು ವರ್ಷದ ಮೇಲೆ ಬಿಳಿ ಅಂಗಿಯಲ್ಲಿ ಆ ಚೀಲದ ಮೇಲೆ ಅಂಗಾತ ಮಲಗಿದೆ. ಅವರು ಮಗ್ಗುಲಲ್ಲಿ ಬಂದು ಮಲಗಿ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟರು. ಅಡ್ಡಪಟ್ಟಿಗೆ ಊರಿದೆ. ಬಲ ಹಾಕಲೇ ಇಲ್ಲ, ಹಿಡಿಕೆಯವರೆಗೆ ಒಳಗೆ ಹೋಯಿತು. ಬೆಲ್ಲ ಮತ್ತು ಗೊಬ್ಬರ ತಿಂದುಳಿದ ಪಟ್ಟಿ ಪದರು ಪದರಾಗಿ ಜೋತಿತ್ತು. ಅಷ್ಟರಲ್ಲಿ ಮೇಲೆ ಧಡ್ ಧಡ್ ಎಂದು ಸಪ್ಪಳವಾಯಿತು. ಊಟಕ್ಕೆ ಕಾಯುತ್ತಿದ್ದ ಮಕ್ಕಳು ಬಾಡಿಗೆ ಹತ್ತಿ ಕುಣಿಯುತ್ತಿದ್ದರು. ಅವರ ಪ್ರತಿ ಹೆಜ್ಜೆಗೂ ತುಕ್ಕಿನ ಪುಡಿ ನನ್ನ ಮುಖದ ಮೇಲೆ, ಕಣ್ಣಿನಲ್ಲಿ, ಬಾಯಲ್ಲಿ ಉದುರಿತು. ಈ ಮಕ್ಕಳು ಆ ಇಳಿಜಾರು ದಾಟಿ ಬಂದಿದ್ದು ಈ ಪುಡಿಯ ಮೇಲೆ ಕೂತು.

"ಹುಡುಗೂರನ್ನ ಇಳಸರಿ" ಎಂದು ಕೂಗಿದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

ಹೊರಗೆ ತೆವಳಿ ಬಂದಾಗ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಗೌಡರ ತಾಯಿ, ಪಾವಟಿಗೆ ಬೇಕಾಗಿದ್ದ ಆ ಮುದುಕಿ, ತಂಬಿಗೆ ಹಿಡಿದು ಬಂದಳು. "ಕಣ್ಣಾಗ ಏನ್ ಬಿತ್ತಪಾ? ಬಗ್ಗು" ಎಂದು ನೀರು ಹಾಕಿ, ಸೆರಗಿನಿಂದ ಒರೆಸಿದಳು. ಆ ಕೈ ಕಣ್ಣಿನ ಮೇಲೆ ಇರುವಾಗಲೇ ಎಲ್ಲ ಹೇಳಿದೆ. ತಳ ಕೊಳೆತದ್ದು ಗೊತ್ತಿತ್ತು ಎಂದೆ. ಕಾಕಾ ಬೇಡ ಎಂದಿದ್ದರು ಎಂದೆ. ಪತ್ರಾ ಮೇಲೆ ಪತ್ರಾ ನಾನೇ ಹಾಕಿಸಿದ್ದು ಎಂದೆ. ಗೌಡರ ಹೆಂಡತಿ ಅಂಗೈ ನೋಡಿಕೊಂಡಳು.

ಗೌಡರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಮೊದಲು ಮಕ್ಕಳನ್ನು ಲೆಕ್ಕ ಹಾಕುವವರ ಹಾಗೆ ಒಬ್ಬೊಬ್ಬರನ್ನೇ ನೋಡಿದರು. ಕಡೆಗೆ ಆ ಮುದುಕಿಯೇ, "ಹೇಳಾಕರೆ ಬಂದಾನಲ್ಲ. ಎಲಿ ಹಾಕ್ರಿ" ಎಂದಳು.

"ಇಂವ ಬಂದಿಲ್ಲವ್ವಾ, ನಾ ತಂದೇನಿ" ಎಂದರು ಕಾಕಾ.

ಆ ಮಾತು ನನಗೆ ಚುಚ್ಚಿತು. ಇಂದಿಗೂ ಚುಚ್ಚುತ್ತದೆ. ಆದರೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಉಂಡೆವು. ಶೇಂಗಾ ಹೋಳಿಗೆಯನ್ನು ನಾನು ಅರ್ಧಕ್ಕೇ ಬಿಟ್ಟೆ. ಕಾಕಾ ಮಾತ್ರ ಎರಡೆರಡು ಸಲ ಬಡಿಸಿಕೊಂಡು ಉಂಡರು. ಸಂಜೆ ನೆರೆಹೊಲದವರ ಟ್ರ್ಯಾಕ್ಟರಿನಲ್ಲಿ ಮಂದಿ ಊರಿಗೆ ಹೋದರು. ಖಾಲಿ ಪಿಕಪ್ಪನ್ನು ಕಾಕಾ ತಾವೇ ನಡೆಸಿ, ನಡೆಯುವವರಿಗಿಂತ ನಿಧಾನವಾಗಿ ಜಮಖಂಡಿಗೆ ತಂದರು. ನಾನು ಮೋಟಾರ್ ಸೈಕಲ್ ಮೇಲೆ ಹಿಂದೆ ಬಂದೆ.

ಹನ್ನೊಂದು ದಿನ ಕೆಲಸ ನಡೆಯಿತು. ನಾನು ಹಾಸಿದ ಹೊಸ ಪತ್ರಾ ಕಿತ್ತೆಸೆದು, ತಳ ಪೂರ್ತಿ ಕತ್ತರಿಸಿ, ನಾಲ್ಕು ಅಡ್ಡಪಟ್ಟಿ ಹೊಸದಾಗಿ ಕಟ್ಟಿದರು. ನಲವತ್ತು ಹೇಳಿದ್ದು ನಲವತ್ತಾರಾಯಿತು, ನಾನು ಕೊಟ್ಟೆ. ಹನ್ನೊಂದು ದಿನವೂ ನನ್ನನ್ನು ಕೆಳಗೆ ಮಲಗಿಸಿ ಪಟ್ಟಿ ಹಿಡಿಸಿದರು. ಕಡೆಯ ದಿನ ಗೌಡರು ಬಂದರು, ಚೀಲದ ಮೇಲೆ ಮಲಗಿ ತಳ ನೋಡಿದರು, ಹಿಂದಿನ ಗಾಲಿಯ ಹತ್ತಿರ ಕಾಯಿ ಒಡೆದರು. ತಾಯಿಗೆ ಪಾವಟಿಗೆಯನ್ನು ಕಾಕಾ ಪುಕ್ಕಟೆ ಬೆಸೆದುಕೊಟ್ಟರು. ಅವರು ಪುಕ್ಕಟೆ ಮಾಡಿದ ಕೆಲಸ ನಾನು ನೋಡಿದ್ದು ಅದೊಂದೇ.

ಆಮೇಲೆಯೂ ನಾನು ಗಾಡಿ ತರುತ್ತಿದ್ದೆ. ಆಮೇಲೆಯೂ ಅವರು "ಮಾರಾಕೋ, ಓಡಸಾಕೋ?" ಎಂದೇ ಕೇಳುತ್ತಿದ್ದರು. ಮಾರಾಕ ಎಂದರೆ ಒಂದು ಗಳಿಗೆ ನನ್ನ ಮುಖ ನೋಡಿ ಚೀಲ ನನ್ನ ಕೈಗೇ ಎಸೆಯುತ್ತಿದ್ದರು. ಸಾವಳಗಿಯ ಸುದ್ದಿಯನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ನಾನೇ ಹೇಳಿಕೊಂಡದ್ದರಿಂದ ಊರಿಗೆ ಗೊತ್ತಾಯಿತು. ಕೆಲವು ಗಿರಾಕಿಗಳು ಹೋದರು, ಹೋದವರಲ್ಲಿ ಕೆಲವರು ತಿರುಗಿ ಬಂದರು.

ಹೋದ ತಿಂಗಳು ಅವರು ತೀರಿಕೊಂಡಾಗ ಮಣ್ಣು ರಬಕವಿಯಲ್ಲೇ ಆಗಬೇಕೆಂದು ಮನೆಯವರು ತೀರ್ಮಾನಿಸಿದರು. ಗಾಡಿ ಯಾರದೆಂದು ಕೇಳುವಷ್ಟರಲ್ಲಿ ಗೌಡರು ಸಾವಳಗಿಯಿಂದ ಆ ಪಿಕಪ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಹೂವು ಕಟ್ಟುತ್ತಿದ್ದರು, ಹೆಂಗಸರು ಅಳುತ್ತಿದ್ದರು. ನಾನು ಶೆಡ್ಡಿನೊಳಗೆ ಹೋಗಿ ಗೋಣಿಚೀಲ ಹುಡುಕಿ ತಂದೆ. ಎಲ್ಲರ ಎದುರಿಗೆ ಗಾಡಿಯ ಕೆಳಗೆ ಹಾಸಿ ಅಂಗಾತ ಮಲಗಿದೆ. ಗೌಡರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ನಾಲ್ಕು ಪಟ್ಟಿಗಳನ್ನೂ ಒಂದೊಂದಾಗಿ ಗೆಣ್ಣಿನಿಂದ ಬಡಿದೆ. ಮೂಲೆಯಲ್ಲಿ ಅಂಗೈಯಗಲದ ಕೆಂಪು ಗುರುತು ಹಾಗೇ ಇತ್ತು. ಮೇಲೆ ಕಾಕಾನನ್ನು ಇಟ್ಟರು. ಆಮೇಲೆ ಅವರ ಜೊತೆ ಹೋಗುವ ಮಂದಿ ಒಬ್ಬೊಬ್ಬರಾಗಿ ಹತ್ತಿದರು. ಹೆಜ್ಜೆಯ ಸಪ್ಪಳ ಕೇಳುತ್ತ ಕಣ್ಣು ತೆರೆದುಕೊಂಡೇ ಮಲಗಿದ್ದೆ. ನನ್ನ ಮುಖದ ಮೇಲೆ ಏನೂ ಬೀಳಲಿಲ್ಲ.